ಉಳಿಸಿದ ಎನ್ವಿರಾನ್‌ಮೆಂಟ್, ಹೊಸ ಯು-ಬೂಟ್

ಬೋರ್ಡ್‌ಗೆ ವಿದ್ಯುತ್ ಬಂದಾಗ ಮೊದಲು ಎದ್ದು ಲಿನಕ್ಸನ್ನು ಶುರು ಮಾಡುವ ತಂತ್ರಾಂಶ ಯು-ಬೂಟ್. ಅದರ ‘ಸೇವ್‌ಎನ್ವ್’ ಆದೇಶವು ನೀವು ಬದಲಿಸಿದ ವೇರಿಯಬಲ್ ಒಂದನ್ನೇ ಬರೆಯುವುದಿಲ್ಲ. ಆ ಕ್ಷಣದಲ್ಲಿ ಮೆಮೊರಿಯಲ್ಲಿ ಏನೇನಿದೆಯೋ ಅಷ್ಟನ್ನೂ ಫ್ಲ್ಯಾಶ್‌ಗೆ ಇಳಿಸುತ್ತದೆ. ಎಂಬೆಡೆಡ್ ಲಿನಕ್ಸ್ ಕೆಲಸದಲ್ಲಿರುವವರಿಗೆ ಇದು ಗೊತ್ತಿರುವ ವಿಷಯವೇ. ಆದರೆ ಅದರ ಪರಿಣಾಮವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ರೂಪಿಸಿದ ಬೋರ್ಡ್‌ಗಳು ನನ್ನ ಕಣ್ಣಿಗೆ ಬಿದ್ದಿರುವುದು ಬಹಳ ಕಡಿಮೆ. ಪರಿಣಾಮ ಕಾಣಿಸಿಕೊಳ್ಳುವುದು ಎರಡು, ಮೂರು ವರ್ಷಗಳ ನಂತರ, ಬೋರ್ಡ್ ಯಾವುದೋ ಊರಿನ ಗೋಡೆಯ ಮೇಲೆ ಕುಳಿತಿರುವಾಗ. ಹಾಗಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಸಂಸ್ಥೆಯಲ್ಲಿ. ಹಳ್ಳಿಗಳ ಹಾಲು ಶೀತಲೀಕರಣ ಕೇಂದ್ರಗಳಲ್ಲಿ ತೊಟ್ಟಿಯ ಉಷ್ಣಾಂಶ, ವಿದ್ಯುತ್ ಪೂರೈಕೆ, ಜನರೇಟರ್‌ನ ಸ್ಥಿತಿ ಇವನ್ನೆಲ್ಲ ಓದಿ ಸರ್ವರ್‌ಗೆ ಕಳುಹಿಸುವ ಗೇಟ್‌ವೇ ನಮ್ಮ ಉತ್ಪನ್ನ. 64 ಬಿಟ್ ಆರ್ಮ್ ಪ್ರೊಸೆಸರ್, ಇಎಂಎಂಸಿ ಸಂಗ್ರಹ, ಅದರಲ್ಲಿ ಲಿನಕ್ಸ್‌ನ ಎರಡು ಪ್ರತಿಗಳು, ಇವೆಲ್ಲಕ್ಕೂ ಮುಂಚೆ ಎಚ್ಚರಗೊಳ್ಳುವ ಯು-ಬೂಟ್. ಜರ್ಮನಿಯ ವೋಲ್ಫ್‌ಗ್ಯಾಂಗ್ ಡೆಂಕ್ ಪಿಪಿಸಿಬೂಟ್ ಎಂಬ ಹೆಸರಿನಲ್ಲಿ ಬೆಳೆಸಿದ ಈ ತಂತ್ರಾಂಶಕ್ಕೆ ಯು-ಬೂಟ್ ಎಂಬ ಹೆಸರು ಬಂದದ್ದು 2002ರಲ್ಲಿ. ಡೆಂಕ್ 2022ರಲ್ಲಿ ತೀರಿಕೊಂಡರು. ರೌಟರ್‌ಗಳಿಂದ ಕೈಗಾರಿಕಾ ನಿಯಂತ್ರಕಗಳವರೆಗೆ ಅವರ ಕೆಲಸದ ಮೇಲೆ ಎಷ್ಟು ಯಂತ್ರಗಳು ನಿಂತಿವೆ ಎಂದು ನೆನೆದರೆ ನನಗೆ ಇಂದಿಗೂ ಕೃತಜ್ಞತೆ ಉಕ್ಕುತ್ತದೆ.

ಎನ್ವಿರಾನ್‌ಮೆಂಟ್ ಎಂಬುದು ಯು-ಬೂಟ್‌ನ ಸ್ಮರಣೆ. ಮೆಮೊರಿಯ ಯಾವ ವಿಳಾಸಕ್ಕೆ ಲಿನಕ್ಸ್‌ನ ತಿರುಳಾದ ಕರ್ನಲ್ ತರಬೇಕು, ಯಾವ ವಿಭಾಗದಿಂದ ತರಬೇಕು, ಜಾಲದಲ್ಲಿ ಬೋರ್ಡನ್ನು ಗುರುತಿಸುವ ಈಥರ್‌ನೆಟ್‌ನ ಮ್ಯಾಕ್ ವಿಳಾಸ ಯಾವುದು, ವಿದ್ಯುತ್ ಬಂದ ಕೂಡಲೇ ಯಾವ ಆದೇಶಗಳ ಸರಣಿ ಓಡಬೇಕು, ಎಲ್ಲವೂ ಅಲ್ಲಿ ಹೆಸರು ಮತ್ತು ಬೆಲೆಯ ಜೋಡಿಗಳಾಗಿ ಇರುತ್ತವೆ. ಇದರ ಒಂದು ಪ್ರತಿ ಯು-ಬೂಟ್ ಬೈನರಿಯ ಒಳಗೇ ಕಟ್ಟಿಕೊಂಡು ಬರುತ್ತದೆ. ಅದು ಡೀಫಾಲ್ಟ್. ಇನ್ನೊಂದು ಫ್ಲ್ಯಾಶ್‌ನಲ್ಲೋ ಇಎಂಎಂಸಿಯಲ್ಲೋ ಕಾಯ್ದಿಟ್ಟ ಜಾಗದಲ್ಲಿ ಇರುತ್ತದೆ. ಅದು ಉಳಿಸಿದ್ದು. ಉಳಿಸಿದ್ದರ ರಚನೆ ತೀರಾ ಸರಳ. ಮೊದಲ ನಾಲ್ಕು ಬೈಟ್, ಬರೆದದ್ದು ಕೆಡದೆ ಇದೆಯೇ ಎಂದು ತಿಳಿಸುವ ಸಿಆರ್‌ಸಿ32 ತಾಳೆಮೊತ್ತ. ಉಳಿಸಿದ್ದನ್ನೇ ಎರಡು ಪ್ರತಿಯಾಗಿ ಇಡುವ ವ್ಯವಸ್ಥೆಯಾದರೆ ಅದರ ಹಿಂದೆ ಒಂದು ಬೈಟ್, ಯಾವ ಪ್ರತಿ ಹೊಸದು ಎಂದು ತಿಳಿಯಲು. ಆಮೇಲೆ ಜೋಡಿಗಳು ಒಂದರ ಹಿಂದೆ ಒಂದು, ಪ್ರತಿಯೊಂದರ ಕೊನೆಗೆ ಒಂದು ಶೂನ್ಯ ಬೈಟ್. ಎಲ್ಲ ಮುಗಿದಾಗ ಇನ್ನೊಂದು ಶೂನ್ಯ.

ತಾಳೆಮೊತ್ತ ಸರಿಹೋದರೆ ಉಳಿಸಿದ್ದು, ಹೋಗದಿದ್ದರೆ ಡೀಫಾಲ್ಟ್. ಹೊಸ ಬೋರ್ಡ್‌ನ ಮೊದಲ ಬೂಟ್‌ನಲ್ಲಿ ಎಲ್ಲರೂ ನೋಡುವ ‘ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡೀಫಾಲ್ಟ್ ಎನ್ವಿರಾನ್‌ಮೆಂಟ್’ ಎಂಬ ಎಚ್ಚರಿಕೆಯ ಸಾಲು ಹೇಳುವುದು ಇದನ್ನೇ. ಇಲ್ಲಿ ‘ಅಥವಾ’ ಇದೆ, ‘ಮತ್ತು’ ಇಲ್ಲ. ಡೀಫಾಲ್ಟ್ ಕೆಳಗಿದ್ದು ಉಳಿಸಿದ್ದು ಅದರ ಮೇಲೆ ಪದರವಾಗಿ ಕೂರುತ್ತದೆ ಎಂಬುದು ಹೊಸಬರ ಸಹಜ ಊಹೆ. ತಂಡಕ್ಕೆ ಸೇರಿದ ಪ್ರತಿಯೊಬ್ಬರಿಗೂ ನಾನು ಮೊದಲು ತೋರಿಸುವುದು ‘ಹ್ಯಾಶ್‌ಟೇಬಲ್’ ಎಂಬ ಮೂಲ ಕಡತದಲ್ಲಿರುವ ಆಮದಿನ ಫಂಕ್ಷನ್ನನ್ನು. ಬೇರೆ ಸೂಚನೆ ಇಲ್ಲದಿದ್ದರೆ ಅದು ಒಳಗಿರುವ ಕೋಷ್ಟಕವನ್ನು ಮೊದಲು ನಾಶ ಮಾಡಿ, ಆಮೇಲೆ ಹೊರಗಿನಿಂದ ಬಂದದ್ದನ್ನು ತುಂಬುತ್ತದೆ. ಹೊಸ ಯು-ಬೂಟ್‌ನಲ್ಲಿ ನೀವು ಎಷ್ಟೇ ಅಚ್ಚುಕಟ್ಟಾಗಿ ಹೊಸ ವೇರಿಯಬಲ್ ಸೇರಿಸಿದ್ದರೂ, ಸಿಆರ್‌ಸಿ ಸರಿ ಇರುವ ಹಳೆಯ ಎನ್ವಿರಾನ್‌ಮೆಂಟ್ ಆ ಬೋರ್ಡ್‌ನಲ್ಲಿದ್ದರೆ ನಿಮ್ಮ ವೇರಿಯಬಲ್ ಬೆಳಕು ಕಾಣುವುದಿಲ್ಲ. ಹೊಸ ಬೈನರಿ ಹಳೆಯ ಪಂಚಾಂಗ ನೋಡಿ ಮುಹೂರ್ತ ಇಡುತ್ತದೆ.

‘ನಮ್ಮ ಬೋರ್ಡ್‌ಗಳಲ್ಲಿ ಯಾರೂ ಸೇವ್‌ಎನ್ವ್ ಮಾಡುವುದೇ ಇಲ್ಲವಲ್ಲ’ ಎಂದು ಹೇಳುವವರುಂಟು. ಲಿನಕ್ಸ್‌ನ ಎರಡು ಪ್ರತಿಗಳನ್ನು ಇಟ್ಟು ಅಪ್‌ಡೇಟ್ ಮಾಡುವ ವ್ಯವಸ್ಥೆ ಇದ್ದರೆ ಅವರ ಮಾತು ನಿಲ್ಲುವುದಿಲ್ಲ. ನಾವು ಬಳಸುವುದು ರಾಕ್ ಎಂಬ ಅಪ್‌ಡೇಟ್ ತಂತ್ರಾಂಶ. ಅದರಲ್ಲಿ ಬೂಟ್_ಆರ್ಡರ್ ಎಂಬ ವೇರಿಯಬಲ್‌ನಲ್ಲಿ ಯಾವ ಪ್ರತಿಗೆ ಮೊದಲ ಅವಕಾಶ ಎಂದಿರುತ್ತದೆ. ಬೂಟ್_ಎ_ಲೆಫ್ಟ್, ಬೂಟ್_ಬಿ_ಲೆಫ್ಟ್ ಎಂಬುವು ಪ್ರತಿಯೊಂದಕ್ಕೂ ಉಳಿದಿರುವ ಪ್ರಯತ್ನಗಳ ಲೆಕ್ಕ. ಬೂಟ್ ಸ್ಕ್ರಿಪ್ಟ್ ಪ್ರತಿ ಸಲ ಈ ಲೆಕ್ಕವನ್ನು ಒಂದು ಇಳಿಸಿ ಸೇವ್‌ಎನ್ವ್ ಮಾಡುತ್ತದೆ. ಲಿನಕ್ಸ್ ಸರಿಯಾಗಿ ಮೇಲೆದ್ದ ಮೇಲೆ ಅದನ್ನು ಮತ್ತೆ ಮೂರಕ್ಕೆ ಏರಿಸುತ್ತದೆ. ಒಂದು ಅಂಕಿಯನ್ನು ನೆನಪಿಡಲು ಮಾಡಿದ ಈ ಬರವಣಿಗೆ, ಕಾರ್ಖಾನೆಯಲ್ಲಿ ಬೋರ್ಡ್ ಮೊದಲ ಸಲ ಎದ್ದಾಗಲೇ ಆ ದಿನದ ಡೀಫಾಲ್ಟ್‌ಗಳನ್ನೆಲ್ಲ ಒಟ್ಟಿಗೆ ಹೆಪ್ಪುಗಟ್ಟಿಸಿಬಿಡುತ್ತದೆ. ವಿದ್ಯುತ್ ಬಂದ ಕೂಡಲೇ ಓಡುವ ಆದೇಶಗಳ ಸರಣಿಯಾದ ಬೂಟ್‌ಸಿಎಂಡಿ, ಕರ್ನಲ್‌ನ ವಿಳಾಸ, ಬೋರ್ಡ್‌ನಲ್ಲಿ ಯಾವ ಯಂತ್ರಾಂಶ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ಡಿವೈಸ್ ಟ್ರೀಯ ವಿಳಾಸ, ಉದ್ದುದ್ದ ಸ್ಕ್ರಿಪ್ಟ್‌ಗಳು, ಒಂದೂ ಬಿಡದೆ.

ನಮಗೆ ಇದು ತಟ್ಟಿದ್ದು ಎಫ್‌ಡಿಟಿ_ಹೈ ಎಂಬ ಒಂದು ವೇರಿಯಬಲ್‌ನಿಂದ. ಸಾಮಾನ್ಯವಾಗಿ ಕರ್ನಲ್ ಶುರು ಮಾಡುವ ಮುನ್ನ ಯು-ಬೂಟ್ ಡಿವೈಸ್ ಟ್ರೀಯನ್ನು ಮೆಮೊರಿಯಲ್ಲಿ ಸುರಕ್ಷಿತ ಜಾಗಕ್ಕೆ ನಕಲಿಸುತ್ತದೆ. ಆ ಜಾಗದ ಮೇಲ್ಮಿತಿಯನ್ನು ಹೇಳುವುದು ಎಫ್‌ಡಿಟಿ_ಹೈ. ಅದರ ಬೆಲೆಯ ಎಲ್ಲ ಬಿಟ್‌ಗಳೂ ಒಂದಾಗಿದ್ದರೆ ‘ನಕಲಿಸಬೇಡ, ಇದ್ದಲ್ಲೇ ಬಳಸು’ ಎಂದರ್ಥ. ಹಿಂದೆ ಯಾವುದೋ ಬೋರ್ಡ್‌ನಲ್ಲಿ ಯಾವುದೋ ಕಾರಣಕ್ಕೆ ಬೇಕಾಗಿದ್ದ ಆ ಸಾಲು, ಬೋರ್ಡ್‌ನಿಂದ ಬೋರ್ಡ್‌ಗೆ ನಕಲಾಗುತ್ತಾ ನೂರಾರು ಸಂರಚನೆಗಳಲ್ಲಿ ಬೇರುಬಿಟ್ಟಿತ್ತು. ಇದನ್ನು ಬಳಸಬೇಡಿ ಎಂದು ಯು-ಬೂಟ್‌ನವರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಹಳೆಯ ಡೀಫಾಲ್ಟ್‌ನಲ್ಲೂ ಅದಿತ್ತು. ಹೊಸ ಬಿಡುಗಡೆಯಲ್ಲಿ ತೆಗೆದಿದ್ದೆವು.

ಕರ್ನಲ್, ಡಿವೈಸ್ ಟ್ರೀ ಎರಡನ್ನೂ ನಾವು ಫಿಟ್ ಇಮೇಜ್ ಎಂಬ ಒಂದೇ ಕಡತದಲ್ಲಿ ಕಟ್ಟುತ್ತೇವೆ. ಸಾಮಾನ್ಯ ಫಿಟ್ ಇಮೇಜ್‌ನ ಒಳಗೆ ಪ್ರತಿ ಭಾಗ ನಾಲ್ಕು ಬೈಟ್‌ನ ಗಡಿಯಲ್ಲಿ ಶುರುವಾಗುತ್ತದೆ. 64 ಬಿಟ್ ಆರ್ಮ್ ಲಿನಕ್ಸ್‌ಗೆ ಡಿವೈಸ್ ಟ್ರೀ ಎಂಟು ಬೈಟ್‌ನ ಗಡಿಯಲ್ಲೇ ಇರಬೇಕು. ಫಿಟ್‌ನಲ್ಲಿ ಕರ್ನಲ್‌ನ ಹಿಂದೆ ಬರುವ ಡಿವೈಸ್ ಟ್ರೀ ಎಂಟರ ಗಡಿಗೆ ಬೀಳುತ್ತದೆಯೋ ಇಲ್ಲವೋ ಎಂಬುದು ಕರ್ನಲ್‌ನ ಗಾತ್ರವನ್ನು ಅವಲಂಬಿಸಿದ ಅದೃಷ್ಟದಾಟ. ಹಳೆಯ ಕರ್ನಲ್‌ನಲ್ಲಿ ಅದೃಷ್ಟ ಚೆನ್ನಾಗಿತ್ತು. ಹೊಸ ಕರ್ನಲ್‌ನಲ್ಲಿ ಅದು ನಾಲ್ಕು ಬೈಟ್ ಆಚೆಗೆ ಬಿತ್ತು. ಎಫ್‌ಡಿಟಿ_ಹೈ ಇಲ್ಲದಿದ್ದರೆ ಯು-ಬೂಟ್ ಅದನ್ನು ಎತ್ತಿ ಸರಿಯಾದ ಗಡಿಗೆ ನಕಲಿಸುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅದು ಇದ್ದುದರಿಂದ ಕರ್ನಲ್‌ಗೆ ಸಿಕ್ಕಿದ್ದು ತಾನು ಒಪ್ಪದ ವಿಳಾಸ. ಡಿವೈಸ್ ಟ್ರೀಯನ್ನೇ ಓದಲಾಗದ ಕರ್ನಲ್‌ಗೆ ಸೀರಿಯಲ್ ಪೋರ್ಟ್ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಹಾಗಾಗಿ ದೂರು ಹೇಳಿಕೊಳ್ಳುವುದಕ್ಕೂ ಅದಕ್ಕೆ ಬಾಯಿಲ್ಲ.

ಇನ್ನೂ ಕಷ್ಟದ ಸಂಗತಿಯೆಂದರೆ ಹೊರಗೆ ಏನೂ ಕೆಟ್ಟಂತೆ ಕಾಣಲಿಲ್ಲ. ಯಂತ್ರ ಸ್ತಬ್ಧವಾದದ್ದನ್ನು ಗುರುತಿಸುವ ವಾಚ್‌ಡಾಗ್ ಬೋರ್ಡನ್ನು ಮರಳಿ ಶುರು ಮಾಡುತ್ತಿತ್ತು, ಲೆಕ್ಕ ಒಂದೊಂದೇ ಇಳಿಯುತ್ತಿತ್ತು, ಸೊನ್ನೆ ಮುಟ್ಟಿದಾಗ ಹಳೆಯ ಪ್ರತಿಯ ಲಿನಕ್ಸ್ ಎದ್ದು ಎಂದಿನಂತೆ ಉಷ್ಣಾಂಶ ಕಳುಹಿಸುತ್ತಿತ್ತು. ಹಾಲಿನ ಕೇಂದ್ರದ ಕಾರ್ಯದರ್ಶಿಗೆ ಯಾವ ವ್ಯತ್ಯಾಸವೂ ಇಲ್ಲ. ಸರ್ವರ್‌ನ ಪಟ್ಟಿಯಲ್ಲಿ ಆವೃತ್ತಿಯ ಸಂಖ್ಯೆ ಮಾತ್ರ ಕದಲದೆ ನಿಂತಿತ್ತು. ಪೀಣ್ಯದ ನಮ್ಮ ಮೇಜಿನ ಮೇಲಿನ ಬೋರ್ಡ್‌ಗಳಿಗೆ ಹೊಸದಾಗಿ ಫ್ಲ್ಯಾಶ್ ಮಾಡಿದ್ದರಿಂದ ಅವುಗಳ ಉಳಿಸಿದ ಎನ್ವಿರಾನ್‌ಮೆಂಟ್ ಹೊಸ ಡೀಫಾಲ್ಟ್‌ನಿಂದಲೇ ಹುಟ್ಟಿತ್ತು. ಅಲ್ಲಿ ಎಲ್ಲವೂ ಸಲೀಸು. ಕೊನೆಗೆ ಅರಸೀಕೆರೆ ಕಡೆಯ ನಮ್ಮ ತಂತ್ರಜ್ಞರೊಬ್ಬರು ಒಂದು ಕೇಂದ್ರಕ್ಕೆ ಹೋಗಿ, ಗೇಟ್‌ವೇಯ ಮುಚ್ಚಳ ಬಿಚ್ಚಿ, ಯುಎಸ್‌ಬಿ ಸೀರಿಯಲ್ ತಂತಿ ಸಿಕ್ಕಿಸಿ, 115200 ವೇಗದಲ್ಲಿ ಹರಿದ ಸಾಲುಗಳನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ಕಳುಹಿಸಿದರು. ‘ಸ್ಟಾರ್ಟಿಂಗ್ ಕರ್ನಲ್’ ಎಂಬ ಸಾಲಿನ ನಂತರ ಕಪ್ಪು ಪರದೆ, ಸ್ವಲ್ಪ ಹೊತ್ತಿಗೆ ಮತ್ತೆ ಯು-ಬೂಟ್‌ನ ಮೊದಲ ಸಾಲು.

ಅವರಿಂದಲೇ ಆ ಬೋರ್ಡ್‌ನ ಎನ್ವಿರಾನ್‌ಮೆಂಟ್ ಪೂರ್ತಿ ತರಿಸಿಕೊಂಡೆ. ಯು-ಬೂಟ್ ಮೂಲದಲ್ಲಿ ‘ಯು-ಬೂಟ್-ಇನಿಶಿಯಲ್-ಎನ್ವ್’ ಎಂಬ ಒಂದು ಮೇಕ್ ಗುರಿ, ಅಂದರೆ ಮೂಲವನ್ನು ಕಟ್ಟುವ ‘ಮೇಕ್’ ಸಾಧನಕ್ಕೆ ಕೊಡಬಹುದಾದ ಆದೇಶ, ಇದೆ. ಅದು ಡೀಫಾಲ್ಟ್ ಎನ್ವಿರಾನ್‌ಮೆಂಟನ್ನು ಓದಬಹುದಾದ ಪಠ್ಯವಾಗಿ ಬರೆದುಕೊಡುತ್ತದೆ. ಎರಡನ್ನೂ ಅಕ್ಷರಾನುಕ್ರಮದಲ್ಲಿ ಜೋಡಿಸಿ ಅಕ್ಕಪಕ್ಕ ಇಟ್ಟು ನೋಡಿದಾಗ ಎಫ್‌ಡಿಟಿ_ಹೈ ಕಣ್ಣಿಗೆ ರಾಚಿತು. ಅದರ ಜೊತೆಗೆ ಇನ್ನೂ ಕೆಲವು ಅನಾಥರು ಸಿಕ್ಕರು. ಕೊನೆಯದಾಗಿ ಓದಿದ ಕಡತದ ಗಾತ್ರ ಹೇಳುವ ಫೈಲ್‌ಸೈಜ್, ಅದರ ವಿಳಾಸ ಹೇಳುವ ಫೈಲ್‌ಅಡ್ರ್, ಯು-ಬೂಟ್ ತನ್ನ ಸ್ವಂತ ಡಿವೈಸ್ ಟ್ರೀ ಎಲ್ಲಿದೆ ಎಂದು ಪ್ರತಿ ಬೂಟ್‌ನಲ್ಲಿ ಬರೆದುಕೊಳ್ಳುವ ಎಫ್‌ಡಿಟಿಕಂಟ್ರೋಲ್‌ಅಡ್ರ್. ಇವು ಆ ಹೊತ್ತಿಗಷ್ಟೇ ಅರ್ಥವಿರುವ ಬೆಲೆಗಳು. ಸೇವ್‌ಎನ್ವ್‌ಗೆ ಆ ವಿವೇಚನೆ ಇಲ್ಲ, ಅವನ್ನೂ ಕಾಪಿಟ್ಟಿತ್ತು.

ಕಾರಣ ಸಿಕ್ಕ ದಿನವೇ ಫಿಟ್ ಇಮೇಜ್ ಕಟ್ಟುವಾಗ ಎಂಟು ಬೈಟ್‌ನ ಗಡಿಯನ್ನು ಕಡ್ಡಾಯ ಮಾಡುವ ಆಯ್ಕೆ ಕೊಟ್ಟು ತಕ್ಷಣದ ನೋವು ನಿಲ್ಲಿಸಿದೆವು. ಕೆಲವರಿಗೆ ಅಷ್ಟೇ ಸಾಕೆನಿಸಿತ್ತು. ನನಗೆ ಅನಿಸಲಿಲ್ಲ. ಹೊರಗಿರುವ ಪ್ರತಿ ಬೋರ್ಡ್ ತನ್ನ ಹುಟ್ಟಿದ ದಿನದ ಡೀಫಾಲ್ಟ್‌ನಲ್ಲೇ ಬದುಕುತ್ತಿದೆ ಎಂದಾದರೆ, ನಾವು ಪೀಣ್ಯದಲ್ಲಿ ಪರೀಕ್ಷಿಸುತ್ತಿರುವುದು ಯಾರ ಬಳಿಯೂ ಇಲ್ಲದ ಯಂತ್ರವನ್ನು.

ಮುಂದಿನ ಸಲಹೆ ಎಲ್ಲ ಕಡೆಯಿಂದಲೂ ಒಂದೇ ಬಂತು: ‘ಎನ್ವ್ ಡೀಫಾಲ್ಟ್ -ಎ’ ಓಡಿಸಿ, ಉಳಿಸಿ, ಮುಗಿಸಿ. ಇದು ಉಳಿಸಿದ್ದನ್ನು ಪೂರ್ತಿ ಒರೆಸಿ ಡೀಫಾಲ್ಟ್ ತುಂಬುತ್ತದೆ. ಮ್ಯಾಕ್ ವಿಳಾಸವನ್ನು ಪ್ರೊಸೆಸರ್‌ನ ಫ್ಯೂಸ್‌ನಲ್ಲೋ ಪ್ರತ್ಯೇಕ ಈಪ್ರಾಮ್‌ನಲ್ಲೋ ಇಡುವ ಬೋರ್ಡ್‌ಗೆ ತೊಂದರೆಯಿಲ್ಲ, ಮುಂದಿನ ಬೂಟ್‌ನಲ್ಲಿ ಅದು ಮರಳಿ ಬರುತ್ತದೆ. ನಮ್ಮಲ್ಲಿ ಅದಿದ್ದುದು ಎನ್ವಿರಾನ್‌ಮೆಂಟ್‌ನಲ್ಲಿ ಮಾತ್ರ, ಈಥ್‌ಅಡ್ರ್ ಎಂಬ ಹೆಸರಿನಲ್ಲಿ, ಕಾರ್ಖಾನೆಯಲ್ಲಿ ಬರೆದದ್ದು. ಸರ್ವರ್ ಬೋರ್ಡನ್ನು ಗುರುತಿಸುವುದೂ ಅದರಿಂದಲೇ. ಒರೆಸಿದರೆ ಬೋರ್ಡ್ ಬದುಕಿರುತ್ತದೆ, ಆದರೆ ಅದು ಯಾವ ಊರಿನದು ಎಂದು ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ಉತ್ತರವೆಂಬಂತೆ ಇತ್ತೀಚಿನ ಯು-ಬೂಟ್‌ನಲ್ಲಿ ಅದೇ ಆದೇಶಕ್ಕೆ ‘-ಕೆ’ ಎಂಬ ಆಯ್ಕೆ ಬಂದಿದೆ. ಡೀಫಾಲ್ಟ್‌ನಲ್ಲಿ ಇಲ್ಲದ ವೇರಿಯಬಲ್‌ಗಳನ್ನು ಅದು ಮುಟ್ಟುವುದಿಲ್ಲ. ಈಥ್‌ಅಡ್ರ್ ಉಳಿಯುತ್ತದೆ. ಆದರೆ ಹೊಸ ಡೀಫಾಲ್ಟ್‌ನಲ್ಲಿ ಎಫ್‌ಡಿಟಿ_ಹೈ ಕೂಡ ಇಲ್ಲ! ನಾವು ತೊಲಗಿಸಬೇಕೆಂದಿದ್ದ ವೇರಿಯಬಲ್‌ಗೇ ಈ ಆಯ್ಕೆ ಅಭಯ ಕೊಡುತ್ತದೆ. ಈಥ್‌ಅಡ್ರ್ ಮತ್ತು ಎಫ್‌ಡಿಟಿ_ಹೈ ಎರಡೂ ‘ಹೊಸ ಡೀಫಾಲ್ಟ್‌ನಲ್ಲಿಲ್ಲ, ಉಳಿಸಿದ್ದರಲ್ಲಿ ಇದೆ’ ಎಂಬ ಒಂದೇ ಗುಂಪಿಗೆ ಸೇರುತ್ತವೆ. ಒಂದನ್ನು ಪ್ರಾಣ ಕೊಟ್ಟಾದರೂ ಉಳಿಸಬೇಕು, ಇನ್ನೊಂದನ್ನು ಇರಗೊಡಬಾರದು. ಎರಡೇ ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಇವುಗಳ ನಡುವೆ ಭೇದ ಮಾಡಲು ಯಾವ ಜಾಣ ಪ್ರೋಗ್ರಾಮಿನಿಂದಲೂ ಆಗುವುದಿಲ್ಲ.

ಪದರ ಹಾಕುವ ವ್ಯವಸ್ಥೆಯೂ ಇದೇ ಗೋಡೆಗೆ ಮುಟ್ಟುತ್ತದೆ. 2020ರಲ್ಲಿ ಯು-ಬೂಟ್‌ಗೆ ‘ಎನ್ವ್ ಅಪೆಂಡ್’ ಎಂಬ ಸಂರಚನೆ ಬಂತು. ಅದನ್ನು ಸಕ್ರಿಯಗೊಳಿಸಿದರೆ ಆಮದು ಮಾಡುವಾಗ ಹಳೆಯ ಕೋಷ್ಟಕ ನಾಶವಾಗುವುದಿಲ್ಲ, ಹೊಸದು ಅದರ ಮೇಲೆ ಸೇರುತ್ತದೆ. ಡೀಫಾಲ್ಟ್ ಮೊದಲು, ಉಳಿಸಿದ್ದು ಆಮೇಲೆ. ಹೊಸ ವೇರಿಯಬಲ್‌ಗಳು ಹಳೆಯ ಬೋರ್ಡ್‌ನಲ್ಲೂ ಕಾಣಿಸಿಕೊಳ್ಳುತ್ತವೆ, ಅದು ಖಂಡಿತ ಲಾಭ. ಆದರೆ ಎರಡರಲ್ಲೂ ಇರುವ ಹೆಸರಿಗೆ ಹಳೆಯ ಬೆಲೆಯೇ ಗೆಲ್ಲುತ್ತದೆ, ಡೀಫಾಲ್ಟ್‌ನಿಂದ ತೆಗೆದದ್ದು ಉಳಿಸಿದ್ದರಿಂದ ತೆಗೆದುಹೋಗುವುದಿಲ್ಲ.

ಹಾಗೆಂದು ಪದರವೇ ತಪ್ಪು ಎನ್ನಲಾರೆ. ಬೀಗಲ್‌ಬೋನ್ ಎಂಬ ಸಣ್ಣ ಬೋರ್ಡ್ ಬಳಸಿದವರಿಗೆ ‘ಯುಎನ್ವ್’ ಎಂಬ ಪಠ್ಯ ಕಡತ ನೆನಪಿರಬಹುದು. ಎಸ್‌ಡಿ ಕಾರ್ಡ್‌ನಲ್ಲಿ ಅದನ್ನು ಇಟ್ಟರೆ ಯು-ಬೂಟ್ ಅದನ್ನು ಓದಿ ‘ಎನ್ವ್ ಇಂಪೋರ್ಟ್’ ಮೂಲಕ ಡೀಫಾಲ್ಟ್‌ನ ಮೇಲೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಪದರ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಮೇಲಿನ ಪದರದಲ್ಲಿರುವುದು ಮನುಷ್ಯರೊಬ್ಬರು ಬೇಕೆಂದೇ ಬರೆದ ಎರಡು, ಮೂರು ಸಾಲು ಮಾತ್ರ. ಪಿಸಿಗಳ ಬೂಟ್ ತಂತ್ರಾಂಶವಾದ ಗ್ರಬ್‌ನಲ್ಲೂ ಹಾಗೆಯೇ. ತರ್ಕವೆಲ್ಲ ಸಂರಚನಾ ಕಡತದಲ್ಲಿರುತ್ತದೆ, ನೆನಪಿಡಬೇಕಾದ ಒಂದೆರಡು ವೇರಿಯಬಲ್ ಮಾತ್ರ 1024 ಬೈಟ್‌ನ ಬೇರೆ ಕಡತಕ್ಕೆ ಹೋಗುತ್ತವೆ. ಬೆಸೆಯುವ ವಿಧಾನ ಎಲ್ಲ ಕಡೆಯೂ ಒಂದೇ. ಯು-ಬೂಟ್‌ನ ಸೇವ್‌ಎನ್ವ್‌ನಲ್ಲಿ ಮಾತ್ರ ಮೇಲಿನ ಪದರ ಕೆಳಗಿನ ಪದರದ ಪೂರ್ತಿ ನಕಲನ್ನೂ ಹೊತ್ತು ಬರುತ್ತದೆ. ಆದ್ದರಿಂದ ನನ್ನ ನಿಲುವು ಇದು: ಉಳಿಸಿದ ಎನ್ವಿರಾನ್‌ಮೆಂಟ್‌ನಲ್ಲಿ ಆ ಒಂದು ಬೋರ್ಡ್‌ಗೆ ಮಾತ್ರ ತಿಳಿದಿರುವ ಸಂಗತಿ ಇರಬೇಕು, ಬೈನರಿ ತಾನೇ ಹೇಳಬಲ್ಲ ಒಂದು ಅಕ್ಷರವೂ ಇರಬಾರದು. ಸ್ಕ್ರಿಪ್ಟ್‌ಗಳಂತೂ ಕೂಡದು.

ಆ ಸ್ಥಿತಿಗೆ ಹೋಗಲು ಮೊದಲು ಹೊರಗಿರುವ ಬೋರ್ಡ್‌ಗಳನ್ನು ದಾಟಿಸಬೇಕಿತ್ತು. ಅದಕ್ಕೆ ಮೂರನೆಯ ಪಟ್ಟಿ ಬೇಕು, ಆ ಬೋರ್ಡ್ ಹುಟ್ಟಿದಾಗಿನ ಡೀಫಾಲ್ಟ್. ಮೂಲ ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ಬಳಸುವವರಿಗೆ ಇದು ಪರಿಚಿತ, ಎರಡು ಶಾಖೆಗಳನ್ನು ಬೆಸೆಯುವಾಗ ಅದು ಇಬ್ಬರ ಪೂರ್ವಜನನ್ನು ಹುಡುಕುತ್ತದೆ. ಡೆಬಿಯನ್ ಲಿನಕ್ಸ್‌ನಲ್ಲಿ ಪ್ಯಾಕೇಜ್‌ಗಳನ್ನು ಸ್ಥಾಪಿಸುವ ಡಿಪಿಕೆಜಿ ಕೂಡ ಇದನ್ನೇ ಮಾಡುತ್ತದೆ. ಪ್ಯಾಕೇಜಿನೊಂದಿಗೆ ಬಂದ ಸಂರಚನಾ ಕಡತದ ಎಂಡಿ5 ಮೊತ್ತವನ್ನು ನೆನಪಿಟ್ಟುಕೊಂಡು, ನೀವು ಅದನ್ನು ಮುಟ್ಟಿಲ್ಲ ಎಂದಾದರೆ ಸದ್ದಿಲ್ಲದೆ ಹೊಸದನ್ನು ಹಾಕುತ್ತದೆ, ಮುಟ್ಟಿದ್ದೀರಿ ಮತ್ತು ಅವರೂ ಬದಲಿಸಿದ್ದಾರೆ ಎಂದಾದರೆ ಮಾತ್ರ ಕೇಳುತ್ತದೆ.

ಪೂರ್ವಜನನ್ನು ಹುಡುಕುವುದೇ ಇಲ್ಲಿ ನಿಜವಾದ ಕೆಲಸ. ಯಾವ ಆವೃತ್ತಿಯ ಯು-ಬೂಟ್‌ನೊಂದಿಗೆ ಹುಟ್ಟಿತು ಎಂದು ನಮ್ಮ ಹಳೆಯ ಬೋರ್ಡ್‌ಗಳು ಎನ್ವಿರಾನ್‌ಮೆಂಟ್‌ನಲ್ಲಿ ಎಲ್ಲೂ ಬರೆದುಕೊಂಡಿರಲಿಲ್ಲ. ಹೊಸ ಯು-ಬೂಟ್ ಇನ್ನೂ ತಲುಪದ ಬೋರ್ಡ್‌ಗಳಲ್ಲಿ ಸುಲಭ, ಇಎಂಎಂಸಿಯ ಬೂಟ್ ವಿಭಾಗದಲ್ಲಿರುವ ಬೈನರಿಯೊಳಗೆ ಆವೃತ್ತಿಯ ಸಾಲು ಸಿಗುತ್ತದೆ, ಅದೇ ಬೈನರಿಯಲ್ಲಿ ಡೀಫಾಲ್ಟ್ ಪಠ್ಯವೂ ಇರುತ್ತದೆ. ಈಗಾಗಲೇ ಹೊಸತು ತಲುಪಿದ್ದ ಬೋರ್ಡ್‌ಗಳಿಗೆ ಬೇರೆ ದಾರಿ ಹಿಡಿದೆವು. ನಾವು ಹೊರಬಿಟ್ಟ ಪ್ರತಿ ಆವೃತ್ತಿಯ ಇನಿಶಿಯಲ್-ಎನ್ವ್ ಕಡತವನ್ನು ಮತ್ತೆ ಕಟ್ಟಿ, ಬೋರ್ಡ್‌ನ ಬೂಟ್‌ಸಿಎಂಡಿಯನ್ನು ಅವುಗಳೊಂದಿಗೆ ಹೋಲಿಸಿದೆವು. ಪ್ರತಿ ಬಿಡುಗಡೆಯಲ್ಲೂ ಬೂಟ್‌ಸಿಎಂಡಿ ಒಂದಿಷ್ಟು ಬದಲಾಗಿತ್ತು. ಯಾರೂ ಯೋಜಿಸಿರದ ಆ ಬದಲಾವಣೆಯೇ ಜನ್ಮಮಚ್ಚೆಯಂತಾಗಿ ಆವೃತ್ತಿಯನ್ನು ಹೇಳಿಕೊಟ್ಟಿತು.

ಪೂರ್ವಜ ಸಿಕ್ಕ ಮೇಲೆ ಉಳಿದದ್ದು ಸಣ್ಣ ತರ್ಕ. ಉಳಿಸಿದ ಬೆಲೆ ಹಳೆಯ ಡೀಫಾಲ್ಟ್‌ಗೆ ಸಮನಾಗಿದ್ದರೆ ಅದನ್ನು ಯಾರೂ ಮುಟ್ಟಿಲ್ಲ, ಹೊಸ ಡೀಫಾಲ್ಟ್ ಏನು ಹೇಳುತ್ತದೋ ಅದೇ ಸರಿ. ಹೊಸ ಡೀಫಾಲ್ಟ್‌ನಲ್ಲಿ ಆ ಹೆಸರೇ ಇಲ್ಲದಿದ್ದರೆ ಅಳಿಸಬೇಕು. ಎಫ್‌ಡಿಟಿ_ಹೈ ಇಲ್ಲಿ ಹೋಯಿತು. ಹಳೆಯ ಡೀಫಾಲ್ಟ್‌ನಲ್ಲಿ ಇಲ್ಲದೆ ಉಳಿಸಿದ್ದರಲ್ಲಿ ಮಾತ್ರ ಇರುವುದು ಯಾರೋ ಬೇಕೆಂದು ಸೇರಿಸಿದ್ದು. ಈಥ್‌ಅಡ್ರ್ ಇಲ್ಲಿ ಉಳಿಯಿತು. ಫೈಲ್‌ಸೈಜ್‌ನಂಥ ಕ್ಷಣಿಕ ವೇರಿಯಬಲ್‌ಗಳನ್ನು ಹೆಸರು ಹಿಡಿದು ಹೊರಹಾಕಿದೆವು. ಬೋರ್ಡ್‌ನಲ್ಲೂ ಬದಲಾಗಿ ನಮ್ಮಲ್ಲೂ ಬದಲಾಗಿದ್ದರೆ ಅದು ನಿಜವಾದ ತಕರಾರು. ಕೇಳಲು ಅಲ್ಲಿ ಯಾರೂ ಇಲ್ಲದ ಕಾರಣ ನಿರ್ಧಾರ ಮೊದಲೇ ಆಗಬೇಕಿತ್ತು. ಬೋರ್ಡ್‌ನ ಗುರುತು ಮತ್ತು ಎರಡು ಪ್ರತಿಗಳ ಲೆಕ್ಕಕ್ಕೆ ಸಂಬಂಧಿಸಿದ್ದರೆ ಬೋರ್ಡ್‌ನ ಮಾತು, ಮಿಕ್ಕ ಎಲ್ಲದಕ್ಕೂ ಹೊಸ ಡೀಫಾಲ್ಟ್‌ನ ಮಾತು.

ಅಳಿಸುವ ಬಗ್ಗೆ ಒಂದು ಸೂಕ್ಷ್ಮ ಹೇಳಲೇಬೇಕು. ಯು-ಬೂಟ್‌ನ ಆಮದು ಫಂಕ್ಷನ್‌ಗೆ ಬೆಲೆಯಿಲ್ಲದ ಬರಿಯ ಹೆಸರು ಸಿಕ್ಕರೆ ‘ಇದನ್ನು ಅಳಿಸು’ ಎಂದು ಓದಿಕೊಳ್ಳುತ್ತದೆ. ಅಂದರೆ ಆಮದಿಗೆ ಅಳಿಸುವ ಭಾಷೆ ಗೊತ್ತು. ಸೇವ್‌ಎನ್ವ್‌ಗೆ ಅದು ಗೊತ್ತಿಲ್ಲ. ಕೋಷ್ಟಕದಲ್ಲಿ ಇಲ್ಲದ್ದನ್ನು ಅದು ಬರೆಯುವುದೇ ಇಲ್ಲ. ಆದ್ದರಿಂದ ಪದರದ ವ್ಯವಸ್ಥೆಯಲ್ಲಿ ಬೋರ್ಡ್‌ನ ಮುಂದೆ ಕುಳಿತು ಒಂದು ಡೀಫಾಲ್ಟ್ ವೇರಿಯಬಲ್ ಅಳಿಸಿ ಉಳಿಸಿದರೂ, ಮುಂದಿನ ಬೂಟ್‌ನಲ್ಲಿ ಅದು ಡೀಫಾಲ್ಟ್‌ನಿಂದ ಮರಳಿ ಬರುತ್ತದೆ. ಅಳಿಸಿದೆ ಎಂಬ ಸಂಗತಿಗೆ ಉಳಿಯಲು ಜಾಗವಿಲ್ಲ. ‘ಅಳಿಸುವ’ ಬದಲು ‘ಇಲ್ಲ’ ಎಂಬ ಬೆಲೆ ಕೊಟ್ಟು, ಸ್ಕ್ರಿಪ್ಟ್‌ನಲ್ಲಿ ಅದನ್ನು ಪರೀಕ್ಷಿಸುವುದನ್ನು ನಮ್ಮಲ್ಲಿ ರೂಢಿ ಮಾಡಿದ್ದೇವೆ.

ಈ ಬೆಸುಗೆಯನ್ನು ಯು-ಬೂಟ್‌ನ ಒಳಗೆ ಮಾಡುವ ಆಸೆ ಮೊದಲು ಬಂದದ್ದುಂಟು. ಮೂರು ಪಟ್ಟಿಗಳ ಹೋಲಿಕೆಯನ್ನು ಅಲ್ಲಿನ ಶೆಲ್‌ನಲ್ಲಿ ಬರೆಯುವುದು ಕಣ್ಣುಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಲಿನಕ್ಸ್ ಬದಿಯಲ್ಲಿ ‘ಎಫ್‌ಡಬ್ಲ್ಯು_ಪ್ರಿಂಟ್‌ಎನ್ವ್’, ‘ಎಫ್‌ಡಬ್ಲ್ಯು_ಸೆಟ್‌ಎನ್ವ್’ ಎಂಬ, ಉಳಿಸಿದ ಎನ್ವಿರಾನ್‌ಮೆಂಟನ್ನು ಓದುವ, ಬರೆಯುವ ಸಾಧನಗಳಿವೆ, ಪೈಥಾನ್ ಇದೆ, ಲಾಗ್ ಇದೆ. ಅಪ್‌ಡೇಟ್ ಹಳೆಯ ಪ್ರತಿಯಿಂದಲೇ ನಡೆಯುವುದರಿಂದ, ಹೊಸ ಕರ್ನಲ್‌ಗೆ ಕಾಲಿಡುವ ಮೊದಲೇ ಎನ್ವಿರಾನ್‌ಮೆಂಟ್ ಸಿದ್ಧವಾಗಿರುತ್ತದೆ. ಒಂದು ನಿಯಮವನ್ನು ಮಾತ್ರ ಕಟ್ಟುನಿಟ್ಟಾಗಿ ಇಟ್ಟೆವು. ಬದಲಾವಣೆಗಳನ್ನು ಒಂದೊಂದಾಗಿ ಬರೆಯುವಂತಿಲ್ಲ. ಸೆಟ್‌ಎನ್ವ್‌ಗೆ ‘-ಎಸ್’ ಆಯ್ಕೆಯೊಂದಿಗೆ ಪೂರ್ತಿ ಪಟ್ಟಿಯ ಕಡತ ಕೊಟ್ಟರೆ ಎಲ್ಲವನ್ನೂ ಮೆಮೊರಿಯಲ್ಲಿ ಅನ್ವಯಿಸಿ ಒಂದೇ ಸಲ ಬರೆಯುತ್ತದೆ. ಎನ್ವಿರಾನ್‌ಮೆಂಟನ್ನು ಎರಡು ಪ್ರತಿಯಾಗಿ ಇಡುವ ವ್ಯವಸ್ಥೆಯಲ್ಲಿ ಆ ಬರಹ ಹೋಗುವುದು ಸದ್ಯ ಬಳಕೆಯಲ್ಲಿಲ್ಲದ ಪ್ರತಿಗೆ. ನಡುವೆ ಕರೆಂಟ್ ಹೋದರೆ ಆ ಪ್ರತಿಯ ಸಿಆರ್‌ಸಿ ತಾಳೆಯಾಗುವುದಿಲ್ಲ, ಹಳೆಯ ಪ್ರತಿ ಹಾಗೆಯೇ ಇರುತ್ತದೆ. ಹಳ್ಳಿಯ ಕೇಂದ್ರಗಳಲ್ಲಿ ಕರೆಂಟ್ ಹೋಗುವುದು ಅಪರೂಪದ ಸಂಗತಿಯಲ್ಲ. ಅರ್ಧ ಬದಲಾದ ಎನ್ವಿರಾನ್‌ಮೆಂಟ್ ಪೂರ್ತಿ ಹಳೆಯದಕ್ಕಿಂತ ಎಷ್ಟೋ ಅಪಾಯಕಾರಿ.

ದಾಟಿಸಿದ ಮೇಲೆ ಬಾಗಿಲು ಹಾಕಬೇಕು. ಅದಕ್ಕೆ ಯು-ಬೂಟ್‌ನಲ್ಲಿರುವುದು ‘ರೈಟಬಲ್ ಲಿಸ್ಟ್’ ಎಂಬ ಸಂರಚನೆ, ಇದೂ 2020ರ ಕಾಲದ್ದೇ. ಕಟ್ಟುವಾಗಲೇ ಒಂದು ಸ್ಥಿರ ಪಟ್ಟಿ ಕೊಡುತ್ತೇವೆ. ಪ್ರತಿ ಹೆಸರಿನ ಮುಂದೆ ಅದರ ಬಗೆ ಸೂಚಿಸುವ ಒಂದಕ್ಷರ, ಪದಕ್ಕೆ ಎಸ್, ದಶಮಾಂಶ ಸಂಖ್ಯೆಗೆ ಡಿ, ಮ್ಯಾಕ್ ವಿಳಾಸಕ್ಕೆ ಎಂ. ಅದರ ಪಕ್ಕ ಬರೆಯುವ ಅನುಮತಿ ಸೂಚಿಸುವ ಡಬ್ಲ್ಯು. ಆಮೇಲೆ ಯು-ಬೂಟ್ ಪ್ರತಿ ಬೂಟ್‌ನಲ್ಲಿ ಮೊದಲು ಡೀಫಾಲ್ಟ್ ತುಂಬಿಕೊಂಡು, ಉಳಿಸಿದ್ದರಿಂದ ಪಟ್ಟಿಯಲ್ಲಿರುವ ಹೆಸರುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಸೇವ್‌ಎನ್ವ್ ಏನನ್ನೇ ಬರೆದಿರಲಿ, ಪಟ್ಟಿಯಲ್ಲಿಲ್ಲದ್ದು ಬಾಗಿಲಲ್ಲೇ ನಿಲ್ಲುತ್ತದೆ. ಇದರ ಹಿಂದೆ ಭದ್ರತೆಯ ಕಾರಣವೂ ಇದೆ. ಕರ್ನಲ್‌ಗೆ ಸಹಿ ಹಾಕಿ ಪರಿಶೀಲಿಸುವ ವ್ಯವಸ್ಥೆ ಎಷ್ಟೇ ಬಿಗಿಯಾಗಿದ್ದರೂ, ಲಿನಕ್ಸ್‌ನಿಂದ ಬೂಟ್‌ಸಿಎಂಡಿಯನ್ನು ತಿದ್ದಲು ಸಾಧ್ಯವಾದರೆ ಆ ಬಿಗಿಗೆ ಅರ್ಥವಿಲ್ಲ.

ಎನ್ವಿರಾನ್‌ಮೆಂಟ್ ಇರುವ ಜಾಗವೇ ಬದಲಾದರೆ ಇನ್ನೊಂದು ಬಗೆಯ ಬೆಸುಗೆ ಬೇಕಾಗುತ್ತದೆ. ಆಲ್‌ವಿನ್ನರ್ ಚಿಪ್‌ನ ಬೋರ್ಡ್‌ಗಳಲ್ಲಿ ಎಸ್‌ಡಿ ಕಾರ್ಡ್‌ನ 544 ಕೆಬಿ ಸ್ಥಾನದಲ್ಲಿ ಎನ್ವಿರಾನ್‌ಮೆಂಟ್ ಇರುತ್ತಿತ್ತು. ಯು-ಬೂಟ್ ದಪ್ಪವಾಗುತ್ತಾ ಆ ಸ್ಥಾನವನ್ನು ಮುಟ್ಟುವ ಹಂತಕ್ಕೆ ಬಂತು. 2018ರಲ್ಲಿ ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಆದ್ಯತೆಯ ಪ್ರಕಾರ ಹುಡುಕುವ ಸೌಲಭ್ಯ ಬಂದದ್ದು ಹೀಗೆ ಹಳೆಯ ಬೋರ್ಡ್‌ಗಳನ್ನು ಹೊಸ ಸ್ಥಳಕ್ಕೆ ಕರೆತರಲು. ನಮಗೆ ಅದರ ಅಗತ್ಯ ಬೀಳಲಿಲ್ಲ.

ನಮ್ಮಲ್ಲಿ ಈಗ ಬದಲಾಗಿರುವುದು ಪರೀಕ್ಷೆಯ ಕ್ರಮ. ಹೊರಬಿಟ್ಟ ಪ್ರತಿ ಆವೃತ್ತಿಯ ಡೀಫಾಲ್ಟ್ ಪಠ್ಯವನ್ನು ಗಿಟ್‌ನಲ್ಲಿ ಇಟ್ಟಿದ್ದೇವೆ. ‘ಎಂಕೆಎನ್ವ್‌ಇಮೇಜ್’ ಸಾಧನದಿಂದ ಅವುಗಳಿಗೆ ಸಿಆರ್‌ಸಿ ಸಹಿತ ನಿಜವಾದ ಎನ್ವಿರಾನ್‌ಮೆಂಟ್ ರೂಪ ಕೊಟ್ಟು, ಒಂದೊಂದನ್ನೂ ಮೇಜಿನ ಮೇಲಿನ ಬೋರ್ಡ್‌ಗೆ ಬರೆದು ಹೊಸ ಯು-ಬೂಟನ್ನು ಏಳಿಸುತ್ತೇವೆ. ಎದ್ದ ಮೇಲೆ ಮೆಮೊರಿಯಲ್ಲಿರುವ ಎನ್ವಿರಾನ್‌ಮೆಂಟನ್ನು ಹೊಸ ಡೀಫಾಲ್ಟ್‌ನೊಂದಿಗೆ ಹೋಲಿಸುತ್ತೇವೆ. ಅನುಮತಿಯ ಪಟ್ಟಿಯ ಆಚೆ ಒಂದು ಸಾಲು ವ್ಯತ್ಯಾಸ ಕಂಡರೂ ಬಿಡುಗಡೆ ನಿಲ್ಲುತ್ತದೆ.

ಪಟ್ಟಿಯಲ್ಲಿ ಈಗಿರುವುದು ಈಥ್‌ಅಡ್ರ್, ಬೋರ್ಡ್‌ನ ಕ್ರಮಸಂಖ್ಯೆ, ಬೂಟ್_ಆರ್ಡರ್ ಮತ್ತು ಎರಡು ಲೆಫ್ಟ್‌ಗಳು. ಕ್ಷೇತ್ರದಲ್ಲಿ ದೋಷ ಹುಡುಕಲು ಅನುಕೂಲವಾಗಲಿ, ಕರ್ನಲ್‌ಗೆ ಹೆಚ್ಚುವರಿ ನಿಯತಾಂಕ ಕೊಡುವ ಒಂದು ವೇರಿಯಬಲ್ ಸೇರಿಸಿ ಎಂದು ಸಹೋದ್ಯೋಗಿಯೊಬ್ಬರು ಕೇಳುತ್ತಿದ್ದಾರೆ. ಅವರ ಕಷ್ಟ ನಿಜವಾದದ್ದು. ಆದರೆ ಆ ವೇರಿಯಬಲ್‌ನಲ್ಲಿ ‘ಇನಿಟ್’ ಎಂದು ಬರೆದು ಶೆಲ್‌ನ ಹೆಸರು ಕೊಟ್ಟರೆ ಬೋರ್ಡ್ ಯಾರ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತದೆ. ಬೇಕಾದ ನಿಯತಾಂಕಗಳನ್ನು ಸಹಿ ಹಾಕಿದ ಫಿಟ್ ಇಮೇಜ್‌ನಲ್ಲೇ ಇನ್ನೊಂದು ಸಂರಚನೆಯಾಗಿ ಇಟ್ಟು, ಯಾವ ಸಂರಚನೆ ಎಂದು ಆರಿಸುವ ಒಂದು ಅಂಕಿಯನ್ನು ಮಾತ್ರ ಪಟ್ಟಿಗೆ ಸೇರಿಸೋಣ ಎಂದು ಹೇಳಿದ್ದೇನೆ. ಅದರ ಕೆಲಸ ನಡೆಯುತ್ತಿದೆ. ಬೆಸೆಯುವ ಪೈಥಾನ್ ಪ್ರೋಗ್ರಾಮನ್ನು ಅಪ್‌ಡೇಟ್ ಕಟ್ಟಿನಿಂದ ಯಾವಾಗ ತೆಗೆಯಬಹುದು ಎಂದೂ ಕೇಳಿದರು. ಹಾಲು ಕಡಿಮೆಯಾಗಿ ತಾತ್ಕಾಲಿಕವಾಗಿ ಮುಚ್ಚಿದ ಕೇಂದ್ರಗಳಲ್ಲಿ ಸ್ವಿಚ್ ಆರಿಸಿಟ್ಟ ಗೇಟ್‌ವೇಗಳಿವೆ, ಅವು ಹಳೆಯ ಎನ್ವಿರಾನ್‌ಮೆಂಟ್ ಹೊತ್ತು ಯಾವತ್ತಾದರೂ ಎದ್ದು ಬರಬಹುದು. ಅವೆಲ್ಲ ದಾಟುವವರೆಗೆ ಅದು ಕಟ್ಟಿನಲ್ಲೇ ಇರುತ್ತದೆ.